ಕೋವಿಗೆ ಇಟ್ಟ ಕುಂಕುಮ

ಜಯನಗರದ ಒಂದು ಬಂದೂಕಿನ ಅಂಗಡಿಯಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದೆ ಎಂದರೆ ನಮ್ಮ ಪಾರ್ಕಿನ ಹೆಂಗಸರು ಈಗಲೂ ನಗುತ್ತಾರೆ. "ಅದಕ್ಕೇ ನಿಮ್ ಸೊಸೆ ಅಷ್ಟು ಮೆತ್ತಗಿರೋದು" ಅನ್ನುತ್ತಾರೆ. ಸೊಸೆ ಮೆತ್ತಗೂ ಇಲ್ಲ, ನಾನು ಒಂದು ಗುಬ್ಬಚ್ಚಿಗೂ ಗುಂಡು ಹಾರಿಸಿದವಳಲ್ಲ. ಆದರೆ ಒಂದು ಕೋವಿಯನ್ನು ಕೈಗೆ ಕೊಟ್ಟರೆ ಅದು ಯಾವ ಮನೆಯಲ್ಲಿ, ಯಾವ ಮೂಲೆಯಲ್ಲಿ, ಎಂಥ ಮನುಷ್ಯನ ಜೊತೆ ಬಾಳಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅಷ್ಟು ಗೊತ್ತಿದ್ದೂ ಒಬ್ಬ ಮನುಷ್ಯನ ಕಾಲು ಹೋಗಲು ನಾನು ಕಾರಣಳಾದೆ. ಇದನ್ನು ಬರೆಯುತ್ತಿರುವುದು ಅದಕ್ಕೆ.

ಹೋದ ವಾರ ಅದೇ ಅಂಗಡಿಯಿಂದ ಫೋನ್ ಬಂತು. ನಾನು ಕೂರುತ್ತಿದ್ದ ಕುರ್ಚಿಗೆ ದೀಪಿಕಾ ಎಂಬ ಹುಡುಗಿ ಬಂದಿದ್ದಾಳೆ. ಹಾವೇರಿ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗೆ ಇದ್ದಾಳೆ. ಹಳೆ ರಿಜಿಸ್ಟರಿನಲ್ಲಿ ನನ್ನ ನಂಬರ್ ಸಿಕ್ಕಿತಂತೆ.

"ಅಜ್ಜೀ, ಒಂದ್ ಮಾತ್ ಕೇಳ್ಲೇನ್ರಿ? ಬಂದವ್ರೆಲ್ಲಾ ಬಾಳಿಕಿ ಬರೋ ಬಂದೂಕ್ ಯಾವ್ದು ಅಂತ ಕೇಳ್ತಾರ. ರಿಪೇರಿ ಬರಬಾರ್ದಂತ, ಯಾರ ಹಂಗೂ ಇರಬಾರ್ದಂತ. ಏನ್ ಹೇಳ್ಬೇಕ್ರಿ?"

"ನಿಮ್ಮ ಓನರ್ ಏನು ಹೇಳ್ಕೊಟ್ಟಿದಾರೆ?"

"ಫಾರಿನ್ದು ಮೊದ್ಲ ತೋರ್ಸು ಅಂದಾರ್ರಿ. ಮತ್ತ, ಕೈಗೆ ಕೊಡೂ ಮುಂದ ಕುಂಕುಮ ಹಚ್ಚೂದು ಮರೀಬ್ಯಾಡ ಅಂದಾರ್ರಿ. ಅದು ನೀವು ಹಾಕಿದ ಪದ್ಧತಿ ಅಂತಲ್ರಿ?"

ಮೊದಲನೆಯ ಮಾತಿಗೆ ನಗು ಬಂತು. ಎರಡನೆಯದಕ್ಕೆ ಆ ನಗು ನಿಂತುಹೋಯಿತು. ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ. ಮೊಮ್ಮಗಳು ಫೋನಿನಲ್ಲಿ ಕನ್ನಡ ಬರೆಯುವುದು ಹೇಳಿಕೊಟ್ಟು ಮೂರು ತಿಂಗಳಾಗಿದೆ. ಬಾಯಲ್ಲಿ ಹೇಳಲಾಗದ್ದನ್ನು ಒಂದು ಬೆರಳಿನಲ್ಲಿ ಕುಟ್ಟುತ್ತಿದ್ದೇನೆ. ದೀಪಿಕಾ, ಓದಮ್ಮ. ನಿನ್ನ ನಂತರ ಆ ಕುರ್ಚಿಗೆ ಬರುವವರಿಗೂ ಓದಿಸು.

ನಾನು ಸೇರಿದ್ದು ಟೈಪಿಸ್ಟ್ ಆಗಿ. ಆಗ ನಮ್ಮ ಮನೆ ಹನುಮಂತನಗರದಲ್ಲಿ. ನಮ್ಮೆಜಮಾನರ ಕಾರ್ಖಾನೆ ಬಾಗಿಲು ಹಾಕಿತ್ತು, ಎಲ್ಲಿ ಕೆಲಸ ಕೊಟ್ಟರೂ ಸರಿ ಎಂಬ ಸ್ಥಿತಿ. ಅಂಗಡಿಯ ಓನರನ್ನು ಎಲ್ಲರೂ ಧಣಿ ಎನ್ನುತ್ತಿದ್ದರು. ಈಗ ಕೂರುವವರು ಅವರ ಮಗ. ಮೊದಲ ದಿನ ಧಣಿಗಳು ಒಂದು ಕೋವಿಯನ್ನು ನನ್ನ ಟೇಬಲ್ ಮೇಲಿಟ್ಟು "ಹೆದ್ರಿಕೆ ಆಗತ್ತಾ?" ಎಂದು ಕೇಳಿದರು. "ನಮ್ಮತ್ತೇನ ನೋಡಿದ್ರೆ ನೀವು ಹೀಗೆ ಕೇಳ್ತಿರಲಿಲ್ಲ" ಎಂದೆ. ಕೆಲಸ ಸಿಕ್ಕಿತು.

ಕೋವಿ ಕಲಿಸಿದವರು ಧಣಿಗಳಲ್ಲ. ಹಿಂದಿನ ರೂಮಿನಲ್ಲಿ ಕಿಟಕಿ ಪಕ್ಕ ಕೂತು ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಕರೀಂ ಸಾಬ್ರು. ತಿಲಕನಗರದಿಂದ ನಡೆದೇ ಬರುತ್ತಿದ್ದರು. ಹೆಗಲ ಮೇಲೆ ಯಾವಾಗಲೂ ಒಂದು ಹಳೆ ಬಿಳಿ ಬಟ್ಟೆಯ ತುಂಡು. ಅವರು ಪಾಠ ಮಾಡುತ್ತಿರಲಿಲ್ಲ, ಕೆಟ್ಟ ಕೋವಿಯನ್ನು ತೋರಿಸಿ "ಹೇಳಿ ಅಮ್ಮಾ, ಇದನ್ನ ಕೊಂದಿದ್ದು ಯಾರು?" ಎಂದು ಕೇಳುತ್ತಿದ್ದರು.

ಚುನಾವಣೆ ಬಂದರೆ ನಮಗೆ ಹಬ್ಬ. ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಠಾಣೆಗೋ ನಮ್ಮಂಥ ಅಂಗಡಿಗೋ ಒಪ್ಪಿಸಬೇಕು. ಅಲ್ಲಿಯವರೆಗೆ ಬೀರುವಿನ ಹಿಂದೆ ಮಲಗಿದ್ದವೆಲ್ಲ ಎದ್ದು ಬರುತ್ತಿದ್ದವು. ಒಬ್ಬರ ನಳಿಗೆಯೊಳಗೆ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಅರೆಕೆರೆಯ ಒಬ್ಬರು ಮಖಮಲ್ಲಿನ ಚೀಲ ಹೊಲಿಸಿ ಅದರಲ್ಲಿ ಮಗುವಿನ ಹಾಗೆ ಮಲಗಿಸಿದ್ದರು. ಚೀಲ ಮಳೆಗಾಲದ ತೇವವನ್ನೆಲ್ಲ ಕುಡಿದು ಕೋವಿಗೆ ಕುಡಿಸಿತ್ತು. ಬಿಚ್ಚಿದರೆ ಉದ್ದಕ್ಕೂ ತುಕ್ಕು. ಇನ್ನೊಬ್ಬರು ತಲೆಗೆ ಹಚ್ಚಿ ಉಳಿದ ಕೊಬ್ಬರಿ ಎಣ್ಣೆಯನ್ನು ಕೋವಿಗೂ ಹಚ್ಚುತ್ತಿದ್ದರು. ಡಿಸೆಂಬರ್ ಚಳಿಗೆ ಅದು ಒಳಗೆ ಗಟ್ಟಿಯಾಗಿ ಕೂತಿತ್ತು. ನಮ್ಮ ಬೀದಿಯ ಬ್ಯಾಂಕೊಂದರ ಗಾರ್ಡ್ ಅಂತೂ ಕೋವಿಯನ್ನು ಮಡಿಸಿ ತೆರೆಯಲಾಗದೆ ಬೆವೆತುಬಿಟ್ಟ.

"ಎಷ್ಟು ವರ್ಷ ಆಯ್ತಪ್ಪಾ ಇದನ್ನ ತೆಗ್ದು?" ಎಂದು ಕೇಳಿದೆ.

"ತೆಗೆಯೋದಾ? ಕೊಟ್ಟಾಗಿಂದ ಹೀಗೇ ಹಿಡ್ಕೊಂಡಿದೀನಿ ಮೇಡಂ."

ಹಾಗೆ ಕಲಿತೆ. ಕೋವಿ ಕಾಡಿನಲ್ಲಿ ಕೆಡುವುದಿಲ್ಲ, ಮನೆಯಲ್ಲಿ ಕೆಡುತ್ತದೆ. ಕೆಡಿಸುವವರು ಅದನ್ನು ಮರೆತವರು, ಇಲ್ಲವೇ ಅತಿಯಾಗಿ ಪ್ರೀತಿಸಿದವರು. ಎರಡನೇ ಜಾತಿಯವರೇ ಹೆಚ್ಚು.

ಇನ್ನು ಕುಂಕುಮದ ಸಂಗತಿ. ನಾನು ಸೇರಿದ ವರ್ಷ ಆಯುಧಪೂಜೆಗೆ ಧಣಿಗಳು "ಹೆಣ್ಮಕ್ಕಳು ಇದೀರಲ್ಲ, ನೀವೇ ಮಾಡಿ" ಎಂದರು. ಅರಿಸಿನ ಕಲಸಿ, ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು ಎಲ್ಲ ಕೋವಿಗಳಿಗೂ ಪೂಜೆ ಮಾಡಿದೆ. ಆ ವಾರ ವ್ಯಾಪಾರ ಚೆನ್ನಾಗಿ ಆಯಿತು. ಧಣಿಗಳಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ಕೋವಿಗೂ ನನ್ನ ಕೈಯಿಂದ ಅರಿಸಿನ ಕುಂಕುಮ. ಇಡುತ್ತಿದ್ದುದು ಎಲ್ಲಿ ಗೊತ್ತೆ? ಹಿಂದೆ ಎದ್ದು ನಿಂತಿರುವ ಸಣ್ಣ ಸುತ್ತಿಗೆಯ ನೆತ್ತಿಯ ಮೇಲೆ. ಅದನ್ನು ಕುದುರೆ ಎನ್ನುತ್ತೇವೆ. ಕುದುರೆ ಬಡಿದರೆ ಅದರ ಮುಂದಿನ ಸಣ್ಣ ತೂತಿನಲ್ಲಿರುವ ಪಿನ್ನು ಮುಂದಕ್ಕೆ ಹೋಗಿ ತೋಟಾಕ್ಕೆ ಕುಟ್ಟುತ್ತದೆ, ಗುಂಡು ಹಾರುತ್ತದೆ. ಕುಂಕುಮ ಇಡಲು ಹಣೆಯಂತೆ ಕಾಣುತ್ತಿದ್ದುದು ಅದೊಂದೇ ಜಾಗ.

ಕರೀಂ ಸಾಬ್ರು ಒಂದು ದಿನ ಮೆಲ್ಲಗೆ ಹೇಳಿದರು. "ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಆ ಪುಡಿ ಪಿನ್ನಿನ ತೂತಿಗೆ ಇಳೀತದೆ. ಎಣ್ಣೆ ಸೇರಿದ್ರೆ ಸಿಮೆಂಟ್ ಆಗ್ತದೆ. ಹಚ್ಚೋದಾದ್ರೆ ಹಿಂದಿನ ಮರದ ಹಿಡಿಗೆ ಹಚ್ಚಿ."

ಧಣಿಗಳು ಕೌಂಟರಿನಿಂದಲೇ ಕೇಳಿಸಿಕೊಂಡು ನಕ್ಕರು. ಅವರನ್ನು ಮೆಚ್ಚಿಸಲು ನಾನೂ ನಕ್ಕು, "ನಮ್ಮ ಪೂಜೆ ನಿಮಗೆ ಗೊತ್ತಾಗಲ್ಲ ಬಿಡಿ ಸಾಬ್ರೇ" ಎಂದೆ.

ಅವರು ಮತ್ತೆಂದೂ ಆ ಮಾತು ಎತ್ತಲಿಲ್ಲ. ನನ್ನ ಕುಂಕುಮವಾದ ಮೇಲೆ "ಒಂದ್ಸಲ ನೋಡಿ ಕೊಡ್ತೀನಿ" ಎಂದು ಕೋವಿಯನ್ನು ಹಿಂದಿನ ರೂಮಿಗೆ ಒಯ್ದು, ಎರಡು ನಿಮಿಷ ಬಿಟ್ಟು ತರುತ್ತಿದ್ದರು. ಗಿರಾಕಿಯನ್ನು ಬಾಗಿಲ ತನಕ ಬಿಟ್ಟು ಬರುತ್ತಿದ್ದರು. ಅವರಿಗೆ ಅದೊಂದು ಮರ್ಯಾದೆ ಎಂದುಕೊಂಡಿದ್ದೆ. ವರ್ಷಗಳು ಹೋದವು. ನಮ್ಮ ಅಂಗಡಿಯ ಕೋವಿ ಕೈ ಕೊಡುವುದಿಲ್ಲ ಎಂಬ ಹೆಸರಾಯಿತು. "ಅಮ್ಮನ ಕೈಗುಣ" ಎನ್ನುತ್ತಿದ್ದರು ಧಣಿಗಳು. ನಾನು ನಂಬಿದೆ. ಹೊಗಳಿಕೆಯನ್ನು ನಂಬಲು ಯಾರಿಗೂ ಟ್ಯೂಷನ್ ಬೇಕಿಲ್ಲ.

ಲಾಕ್‌ಡೌನ್ ಮುಗಿದ ಮೇಲೆ ಹೊಸ ತರದ ಗಿರಾಕಿಗಳು ಶುರುವಾದರು. ಒಬ್ಬ ಬಿಟಿಎಂ ಹುಡುಗ ಫೋನಿನಲ್ಲಿ ದೊಡ್ಡ ಪಟ್ಟಿ ಮಾಡಿಕೊಂಡು ಬಂದಿದ್ದ.

"ಆಂಟಿ, ನಾಳೆ ಏನೂ ಇಲ್ಲ ಅಂತ ಇಟ್ಕೊಳ್ಳಿ. ಕರೆಂಟಿಲ್ಲ, ಅಂಗಡಿ ಇಲ್ಲ, ಮೆಕ್ಯಾನಿಕ್ ಇಲ್ಲ. ಇಪ್ಪತ್ತು ವರ್ಷ ನಡೀಬೇಕು. ಯಾವ ಗನ್ನು?"

"ಲೈಸೆನ್ಸ್ ಇದ್ಯಾ?"

"ಅಪ್ಲೈ ಮಾಡ್ಬೇಕು."

"ಪ್ರಳಯ ಆದ್ಮೇಲೆ ರಿನ್ಯೂ ಮಾಡೋಕೆ ಆಫೀಸಲ್ಲಿ ಯಾರು ಕೂತಿರ್ತಾರಪ್ಪ?"

ನಕ್ಕ. ಒಳ್ಳೆ ಹುಡುಗ. ಕೂರಿಸಿ ಕೇಳಿದೆ. "ಸೈಕಲ್ ಇತ್ತಾ ನಿಂಗೆ? ಚೈನಿಗೆ ಎಣ್ಣೆ ಯಾರು ಬಿಡ್ತಿದ್ರು?"

"ಅಪ್ಪ."

"ಹಾಗಾದ್ರೆ ಅಪ್ಪನ್ನ ಕರ್ಕೊಂಡು ಬಾ. ಗನ್ನು ಅವರ ಜೊತೆ ಮಾತಾಡ್ಲಿ."

ತಮಾಷೆ ಮಾಡಿದರೂ ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದೆ. ದೀಪಿಕಾ, ನೀನು ಕೇಳಿದ್ದಕ್ಕೂ ಅದೇ ಉತ್ತರ. ಯಾರ ಹಂಗೂ ಇಲ್ಲದೆ ಬಾಳಬೇಕಾದ ಕೋವಿಯಲ್ಲಿ ಬಿಡಿಭಾಗಗಳು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಒಂಟಿ ನಳಿಗೆ, ಮಡಿಸಿ ತೆರೆಯುವಂಥದ್ದು, ಕುದುರೆ ಹೊರಗೆ ಕಾಣುವಂಥದ್ದು. ಒಳಗೆ ಏನಾಗಿದೆ ಎಂದು ಕಣ್ಣಿಗೆ ಕಾಣಬೇಕು. ಎಲ್ಲ ಕಡೆ ಸಿಗುವ ತೋಟಾವನ್ನೇ ತಿನ್ನಬೇಕು. ತಾನಾಗಿ ತೋಟಾ ತುಂಬಿಕೊಳ್ಳುವ ಫಾರಿನ್ ಕೋವಿ ಚಂದವೇ, ಆದರೆ ಅದರ ಒಂದು ಅಕ್ಕಿಕಾಳಿನಷ್ಟು ಸ್ಪ್ರಿಂಗ್ ಹೋದರೆ ಅದು ನೀರು ಕಾಯಿಸುವ ಒಲೆಗೆ ಊದುಗೊಳವೆ. ಇಷ್ಟೆಲ್ಲ ಆಯ್ಕೆ ಮಾಡಿದ ಮೇಲೂ ಬಾಳಿಕೆಯ ಮುಕ್ಕಾಲು ಪಾಲು ಇರುವುದು ಒರೆಸುವ ಬಟ್ಟೆಯಲ್ಲಿ.

ಈ ಕೊನೆಯ ಮಾತು ನಾನು ಆ ಹುಡುಗನಿಗೆ ಹೇಳಲಿಲ್ಲ. ಆಗ ನನಗೇ ಗೊತ್ತಿರಲಿಲ್ಲ.

ಅದೇ ಸುಮಾರಿಗೆ ಕರೀಂ ಸಾಬ್ರ ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಕೊನೆಯದಾಗಿ ಅವರು ಸರಿ ಮಾಡಿದ್ದು ಒಂದು ಹಳೆಯ ಒಂಟಿ ನಳಿಗೆ. ನನ್ನ ಕೈಗಿಟ್ಟು, "ಇದು ಮೂರು ತಲೆ ಬಾಳ್ತದೆ ಅಮ್ಮಾ. ಇದು ತಾನಾಗಿ ಸಾಯಲ್ಲ, ಯಾರಾದ್ರೂ ಸಾಯಿಸ್ಬೇಕು" ಎಂದರು. ಅವರ ಜಾಗಕ್ಕೆ ಧಣಿಗಳು ಮಿಸ್ತ್ರಿಯನ್ನು ಇಡಲಿಲ್ಲ. ಬೇಕಾದಾಗ ಹೊರಗಿನಿಂದ ಕರೆಸಿದರಾಯಿತು ಎಂದರು.

ತಿಂಗಳೊಪ್ಪತ್ತಿನಲ್ಲಿ ಮಾದಯ್ಯ ಬಂದ. ಕನಕಪುರ ದಾಟಿ, ಬಸ್ಸು ನಿಲ್ಲುವ ಕೊನೆಯ ಊರಿನಿಂದ ಇನ್ನೂ ಎರಡು ಗುಡ್ಡ ನಡೆದರೆ ಅವನ ಹೊಲ. ಆಚೆ ಕಾಡು. ಬೆಳೆ ಕಾಯಲು ಲೈಸೆನ್ಸ್ ಕೊಟ್ಟಿದ್ದರು. ಕೌಂಟರಿನ ಮುಂದೆ ಚಪ್ಪಲಿ ಬಿಟ್ಟು ನಿಂತ.

"ಅಮ್ಮೋರೇ, ರಿಪೇರಿ ಗಿಪೇರಿ ಅಂತ ಬರಾಕೆ ಆಗಾಕಿಲ್ಲ ನಂಗೆ. ಒಂದ್ಸಲ ತಗಂಡೋದ್ರೆ ನನ್ ಮಗನ್ ಕಾಲಕ್ಕೂ ಇರ್ಬೇಕು. ಹಂದಿ ಬಂದಾಗ ಗಾಳಿಗೆ ಒಂದು ಢಂ ಅನ್ಸಿದ್ರೆ ಸಾಕು, ಓಡೋಯ್ತವೆ. ಆ ಢಂ ಮಾತ್ರ ತಪ್ಪಬಾರ್ದು."

ಧಣಿಗಳು ಜೋಡಿ ನಳಿಗೆ ತೋರಿಸಿದರು. ನಾನು ಒಳಗಿನಿಂದ ಕರೀಂ ಸಾಬ್ರ ಒಂಟಿ ನಳಿಗೆ ತಂದು ಅವನ ಕೈಗಿಟ್ಟೆ. "ಇದನ್ನ ತಗೋ ಮಾದಯ್ಯ. ಇದು ನಿನ್ನ ಬಿಟ್ಟು ಹೋಗಲ್ಲ" ಎಂದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಸರಿಯಾದ ಕೋವಿಯನ್ನು ಅದಕ್ಕಿಂತ ಸರಿಯಾದ ಮನುಷ್ಯನಿಗೆ ಆರಿಸಿ ಕೊಟ್ಟಿಲ್ಲ. ಆಮೇಲೆ ಪದ್ಧತಿಯಂತೆ ಕುದುರೆಯ ನೆತ್ತಿಗೆ ಅರಿಸಿನ ಹಚ್ಚಿ, ಮೇಲೆ ಕುಂಕುಮ ಇಟ್ಟು, ಎರಡೂ ಕೈಯಲ್ಲಿ ಕೊಟ್ಟೆ. ಮಾದಯ್ಯ ಅದನ್ನು ಕಣ್ಣರಳಿಸಿ ನೋಡಿದ.

"ಇಂಗೆ ಮಾಡ್ಬೇಕಾ ಅಮ್ಮೋರೇ ದಿನಾಲೂ?"

"ದಿನಾ ಯಾಕೆ, ಶುಕ್ರವಾರ ಮಾಡು ಸಾಕು" ಎಂದೆ. ಏನೋ ಒಂದು ಹೇಳಬೇಕಲ್ಲ ಎಂದು ಹೇಳಿದ ಮಾತು.

ಎರಡನೇ ವರ್ಷದ ಕೊನೆಗೆ ಬಂದ. ಕಂಕುಳಲ್ಲಿ ಊರುಗೋಲು, ಹಿಂದೆ ಕೋವಿ ಹಿಡಿದ ಮಗ ಶಿವು. ಬಲಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ.

ನಡೆದದ್ದನ್ನು ಅವನೇ ಹೇಳಿದ. ಬೆಳಕು ಹರಿಯುವ ಹೊತ್ತು, ಕಡಲೆಕಾಯಿ ಹೊಲಕ್ಕೆ ಒಂಟಿ ಹಂದಿ ನುಗ್ಗಿತ್ತು. ಮಾದಯ್ಯ ಗಾಳಿಗೆ ಗುರಿಯಿಟ್ಟು ಕುದುರೆ ಬಿಟ್ಟ. ಟಕ್ ಎಂದಿತು. ಮತ್ತೆ ಎಳೆದು ಬಿಟ್ಟ. ಮತ್ತೆ ಟಕ್. ಮೂರನೆಯ ಸಲ ಎಳೆಯುವಷ್ಟರಲ್ಲಿ ಹಂದಿ ಅವನನ್ನು ಬೀಳಿಸಿ ಕಾಲು ಸೀಳಿತ್ತು. ಬಸ್ಸಿನ ಊರಿಗೆ ಹೊತ್ತು ತಂದು, ಅಲ್ಲಿಂದ ಆಸ್ಪತ್ರೆ ಸೇರುವಷ್ಟರಲ್ಲಿ ತಡವಾಯಿತು. ಗಾಯ ಕೀವಾಗಿ ಕಾಲು ತೆಗೆದರು.

"ಕೋವಿ ನೋಡಿಡ್ತೀವಿ, ನಾಳಿದ್ದು ಬಾ" ಎಂದರು ಧಣಿಗಳು. ನಾನು ಆಟೋ ಕಳಿಸಿ ಕರೀಂ ಸಾಬ್ರನ್ನು ಕರೆಸಿದೆ. ಕಣ್ಣು ಕಾಣದಿದ್ದರೂ ಕೈ ಮರೆತಿರಲಿಲ್ಲ. ಕುದುರೆ ಬಿಚ್ಚಿ, ಪಿನ್ನನ್ನು ಹೊರಗೆ ತಳ್ಳಿದರು. ಬರಲಿಲ್ಲ. ಸಣ್ಣ ಸುತ್ತಿಗೆಯಲ್ಲಿ ತಟ್ಟಿದ ಮೇಲೆ ಬಂತು. ಅದರ ಜೊತೆಗೆ ಬಟ್ಟೆಯ ಮೇಲೆ ಉದುರಿದ್ದು ಇಟ್ಟಿಗೆಯಂತೆ ಗಟ್ಟಿಯಾದ ಕೆಂಪು ಚೂರು. ದೀಪದೆಣ್ಣೆಯಲ್ಲಿ ಕಲಸಿದ ಕುಂಕುಮ, ನೂರು ಶುಕ್ರವಾರದ್ದು. ಪಿನ್ನು ಅರ್ಧ ದಾರಿಗೆ ನಿಂತು ತೋಟಾವನ್ನು ಬರೀ ಸವರಿತ್ತು.

ಕರೀಂ ಸಾಬ್ರು ಅದನ್ನು ಮೂಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮಾ, ನೀವು ಹಚ್ಚಿದ್ಮೇಲೆ ನಾನು ಒಳಗೆ ತಗೊಂಡೋಗಿ ಒರೆಸ್ತಿದ್ದೆ. ಬಾಗಿಲ ಹತ್ರ ಹೋಗಿ, ಮನೇಲಿ ಕಬ್ಬಿಣಕ್ಕೆ ಹಚ್ಬೇಡಿ, ಮರಕ್ಕೆ ಹಚ್ಚಿ ಅಂತ ಗಿರಾಕಿಗೆ ಹೇಳ್ತಿದ್ದೆ. ನಾನು ಹೋದ್ಮೇಲೆ ಯಾರಾದ್ರೂ ಹೇಳ್ತಾರೆ ಅಂದ್ಕೊಂಡೆ."

ನನ್ನ ಕೈಗುಣ ಆ ಬಿಳಿ ಬಟ್ಟೆಯ ತುಂಡಿನಲ್ಲಿ ಇತ್ತು. ಇಷ್ಟು ವರ್ಷ ನಾನು ಕೊಲ್ಲುತ್ತಾ ಬಂದಿದ್ದೆ, ಅವರು ಬದುಕಿಸುತ್ತಾ ಬಂದಿದ್ದರು. ಹೊಗಳಿಕೆ ಮಾತ್ರ ನನ್ನ ಕಡೆ ಬಂದಿತ್ತು.

ಧಣಿಗಳು ಬಾಗಿಲು ಮುಂದೆ ಮಾಡಿ ಹೇಳಿದರು. "ಸ್ಪ್ರಿಂಗ್ ವೀಕ್ ಆಗಿತ್ತು, ಸರಿ ಮಾಡಿದೀವಿ ಅನ್ನಿ. ಪೂಜೆ ಗೀಜೆ ಅಂತ ಬಾಯಿ ಬಿಟ್ರೆ ಅಂಗಡಿ ಮಾನ ಹೋಗತ್ತೆ. ನಿಮ್ಮ ಮಾನನೂ ಹೋಗತ್ತೆ."

ಕೋವಿ ಒಯ್ಯಲು ಮಾದಯ್ಯ ಮತ್ತೆ ಬಂದ ದಿನ ಕರೀಂ ಸಾಬ್ರೂ ಇದ್ದರು. ತಾವಾಗಿಯೇ ಬಂದು ಕಿಟಕಿ ಪಕ್ಕದ ಹಳೆ ಸ್ಟೂಲಿನಲ್ಲಿ ಕೂತಿದ್ದರು. ಮಾದಯ್ಯ ಕೋವಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ.

"ತಪ್ಪು ನಂದೇ ಅಮ್ಮೋರೇ. ಎಂಡ್ರಿಗೆ ಉಸಾರಿಲ್ದೆ ಎರಡು ಸುಕ್ರವಾರ ಪೂಜೆ ತಪ್ಪಿಸ್ಬುಟ್ಟೆ. ಅದ್ಕೇ ಮುನಿಸ್ಕಂತು. ನೀವು ಅಷ್ಟು ಹೇಳಿ ಕೊಟ್ಟಿದ್ರಿ, ನಾನು ನಡಿಸ್ಕಂಡಿಲ್ಲ. ಮನ್ನಿಸ್ಬುಡಿ."

ಊರುಗೋಲು ಹಿಡಿದುಕೊಂಡೇ ನನ್ನ ಕಾಲಿಗೆ ಬಗ್ಗಲು ಹೋದ. ಶಿವು ಹಿಡಿದುಕೊಂಡ. ಧಣಿಗಳು ನನ್ನ ಬೆನ್ನ ಹಿಂದೆ ಕೆಮ್ಮಿದರು. ನನಗೆ ನಿವೃತ್ತಿಗೆ ನಾಲ್ಕು ತಿಂಗಳಿತ್ತು.

"ಇನ್ನೊಂದ್ಸಲ ನಿಮ್ ಕೈಯಾರ ಇಟ್ಕೊಡಿ" ಎಂದ.

ಇಟ್ಟೆ. ಹೌದು, ಇಟ್ಟೆ. ಒಂಟಿ ಕಾಲಿನ ಮನುಷ್ಯನ ಮುಂದೆ, ಅದೇ ಕೋವಿಯ ಅದೇ ನೆತ್ತಿಯ ಮೇಲೆ. ಕರೀಂ ಸಾಬ್ರು ಎದ್ದು, ಹೆಗಲ ಬಟ್ಟೆ ತೆಗೆದುಕೊಂಡು ತಡವರಿಸುತ್ತಾ ಬಂದು ಕೈ ಚಾಚಿದರು. ಮಾದಯ್ಯ ಕೋವಿಯನ್ನು ಎದೆಗೆ ಎಳೆದುಕೊಂಡ.

"ಬ್ಯಾಡಿ ಸಾಬ್ರೇ. ಒರೆಸ್ಬ್ಯಾಡಿ. ಅಮ್ಮೋರು ಇಟ್ಟಿದ್ದು."

ಬಾಗಿಲಲ್ಲಾದರೂ ಹೇಳೋಣವೆಂದು ಕರೀಂ ಸಾಬ್ರು ಹಿಂದೆಯೇ ಹೋದರು. ಮಾದಯ್ಯ ನಿಲ್ಲಲಿಲ್ಲ. ಅವರು ಹಿಂದಿರುಗಿ ಬಂದು ನನ್ನ ಕಡೆ ನೋಡದೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಆಮೇಲೆ ಅವರು ಅಂಗಡಿಗೆ ಬರಲಿಲ್ಲ. ಮರುವರ್ಷ ತೀರಿಕೊಂಡರು.

ನನ್ನ ಬೀಳ್ಕೊಡುಗೆಯಲ್ಲಿ ಧಣಿಗಳು ಶಾಲು ಹೊದಿಸಿ ಕೈಗುಣದ ಮಾತನ್ನೇ ಆಡಿದರು. ಬೆಳ್ಳಿಯ ಕುಂಕುಮ ಭರಣಿ ಕೊಟ್ಟರು. ಹಣೆಗೆ ಇಟ್ಟುಕೊಳ್ಳಲೂ ಅದನ್ನು ಈವರೆಗೆ ತೆರೆದಿಲ್ಲ.

ದೀಪಿಕಾ ಫೋನ್ ಮಾಡಿದ ದಿನ ನಾನು ಮೊದಲು ಮಾಡಿದ ಕೆಲಸ ಅಂದರೆ ಶಿವುವಿನ ನಂಬರ್ ಹುಡುಕಿಸಿದ್ದು. ರಿಜಿಸ್ಟರ್ ನೋಡಿ ಅವಳೇ ಕಳಿಸಿದಳು. ಎಲ್ಲವನ್ನೂ ಟೈಪ್ ಮಾಡಿದೆ. ಕುಂಕುಮ ಹಚ್ಚಿದ್ದೇ ತಪ್ಪು, ಅದನ್ನು ಕಲಿಸಿದವಳು ನಾನು, ಶುಕ್ರವಾರ ತಪ್ಪಿಸಿದ್ದಕ್ಕಲ್ಲ, ತಪ್ಪಿಸದೆ ಹಚ್ಚಿದ್ದಕ್ಕೆ ಹೀಗಾಯಿತು, ಅಪ್ಪನಿಗೆ ಓದಿ ಹೇಳು ಎಂದು. ಮೂರು ಸಂಜೆ ಹಿಡಿಯಿತು. ಸೊಸೆ "ಯಾರಿಗತ್ತೆ ಅಷ್ಟುದ್ದ ಲವ್ ಲೆಟರು?" ಎಂದು ಹಂಗಿಸಿದಳು.

ನಿನ್ನೆ ಮಧ್ಯಾಹ್ನ ಶಿವುವಿನ ದನಿಯಲ್ಲಿ ಉತ್ತರ ಬಂತು.

"ಅಮ್ಮೋರೇ, ಅಪ್ಪಂಗೆ ಎಲ್ಲಾ ಓದಿ ಹೇಳ್ದೆ. ಅಳ್ತು ಪಾಪ. ಅಮ್ಮೋರು ದೊಡ್ ಮನ್ಸಿನವ್ರು ಕಣ್ಲಾ, ನಾನು ಕೊರಗ್ಬಾರ್ದು ಅಂತ ನನ್ ತಪ್ಪನ್ನ ಅವ್ರ ಮೇಲೆ ಹಾಕ್ಕಂತಾವ್ರೆ ಅಂತು. ನೀವೇನೂ ಯೋಚ್ನೆ ಮಾಡ್ಬೇಡಿ. ಅವತ್ತಿಂದ ಒಂದು ಸುಕ್ರವಾರನೂ ಬಿಟ್ಟಿಲ್ಲ. ಈಗ ನಾನೇ ಹೊಲ ಕಾಯಾದು. ಕೋವಿ ಫೋಟೋ ಕಳ್ಸೀನಿ, ನೋಡಿ."

ಫೋಟೋ ನೋಡಿದೆ. ಗೋಡೆಗೆ ಒರಗಿಸಿದ ಕೋವಿ, ಕೊರಳಿಗೆ ಸೇವಂತಿಗೆ. ಕುದುರೆ ಎಲ್ಲಿದೆ ಎಂದೇ ಕಾಣುವುದಿಲ್ಲ. ಅಲ್ಲೆಲ್ಲ ಕೆಂಪು. ಪಕ್ಕದಲ್ಲಿ ಎರಡೂ ಕಾಲಿನ ಮೇಲೆ ನಿಂತು ನಗುತ್ತಿರುವ ಶಿವು.

ನಾಳೆ ಬೆಳಿಗ್ಗೆ ಜರಗನಹಳ್ಳಿ ಸ್ಟಾಪಿನಲ್ಲಿ ಕನಕಪುರದ ಬಸ್ಸು ಹತ್ತುತ್ತೇನೆ. ಎರಡು ಗುಡ್ಡ ಹತ್ತಲು ನನ್ನ ಮಂಡಿಗೆ ಆಗುತ್ತದೋ ಇಲ್ಲವೋ, ಆಗದಿದ್ದರೆ ಶಿವು ಅಪ್ಪನ ಜೊತೆ ಕೋವಿ ತಂದು ಬಸ್ಸಿನ ಊರಿನಲ್ಲಿ ಕೂರಲಿ. ಚೀಲದಲ್ಲಿ ಹಳೆ ಹಲ್ಲುಜ್ಜುವ ಬ್ರಷ್ಷು, ಒಂದು ಶೀಸೆ ಸೀಮೆಎಣ್ಣೆ, ನಮ್ಮೆಜಮಾನರ ಪಂಚೆಯ ತುಂಡು ಇಟ್ಟುಕೊಂಡಿದ್ದೇನೆ. ಮಾದಯ್ಯ ಬೇಡ ಎಂದು ಎದೆಗೆ ಎಳೆದುಕೊಳ್ಳುತ್ತಾನೆ. ಎಳೆದುಕೊಳ್ಳಲಿ. ನಾನು ಇಟ್ಟದ್ದನ್ನು ನಾನೇ ಒರೆಸಲು ಬಂದಿದ್ದೇನೆ ಎನ್ನುತ್ತೇನೆ. ಸಾಬ್ರಿಗೆ ಬೇಡ ಎಂದ ಹಾಗೆ ನನಗೆ ಬೇಡ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ. ಆ ಕೈಗುಣವೊಂದು ಉಳಿದಿದೆಯಲ್ಲ, ಅದನ್ನೇ ಈ ಒಂದು ಸಲ ಖರ್ಚು ಮಾಡುತ್ತೇನೆ.

ದೀಪಿಕಾ, ಅಂಗಡಿಯ ಕೌಂಟರಿನ ಮೇಲಿರುವ ಕುಂಕುಮದ ಭರಣಿಯನ್ನು ಇವತ್ತೇ ಎತ್ತಿಡು. ಓನರ್ ಕೇಳಿದರೆ ಅಜ್ಜಿ ಹಾಕಿದ ಪದ್ಧತಿ, ಅಜ್ಜಿಯೇ ತೆಗೆದಳು ಅನ್ನು. ಅದರ ಜಾಗದಲ್ಲಿ ಒಂದು ಒಣ ಬಿಳಿ ಬಟ್ಟೆ ಮಡಿಸಿಡು. ಗಿರಾಕಿಯನ್ನು ಬಾಗಿಲ ತನಕ ಬಿಟ್ಟು ಬಾ.